ಡೆನಾಲಿಯ ಗುಡಾರದಲ್ಲಿ ಅಮೃತಾಂಜನ

೧೯೯೯ರ ಮೇ ಹದಿನೈದು, ಬೆಳಗಿನ ಐದೂವರೆ. ನ್ಯೂವಾರ್ಕ್ ಬಳಿಯ ಊರಾದ ಓಲ್ಡ್ ಬ್ರಿಡ್ಜ್‌ನ ಮನೆಯೆದುರು ಮೂವರು ವ್ಯಾನಿಗೆ ಸಾಮಾನು ತುಂಬುತ್ತಿದ್ದರು. ಗುರಿ ಅಲಾಸ್ಕಾದ ಡೆನಾಲಿ, ಇಪ್ಪತ್ತು ಸಾವಿರ ಅಡಿ ಎತ್ತರದ ಶಿಖರ. ಮುಂದಾಳು ಧಾರವಾಡ ಕಡೆಯ ಡಾಕ್ಟರ್ ವೀರಬಸಮ್ಮ. ಜೊತೆಗೆ ಇಲ್ಲೇ ಹುಟ್ಟಿದ ಅವರ ಮಗಳು ಅಕ್ಷತಾ, ಹೋಬೋಕನ್ನಿನ ಪ್ರೋಗ್ರಾಮರ್ ಚೆಲುವರಾಜು. ಚಳಿಗಾಲವೆಲ್ಲ ಬೆನ್ನಚೀಲಕ್ಕೆ ಅಕ್ಕಿಮೂಟೆ ತುರುಕಿಕೊಂಡು ಹೋಬೋಕನ್ನಿನ ದಿಬ್ಬದ ಮೆಟ್ಟಿಲು ಹತ್ತಿಳಿದವರು ಇವರು.

"ಜೂನ್ ಏಳು, ಸೋಮವಾರ ನಾನು ಆಫೀಸ್‌ನಲ್ಲಿ ಇರಲೇಬೇಕು ಆಂಟಿ. ಇಲ್ಲಾಂದ್ರೆ ಜಾಬ್ ಹೋಯ್ತು, ವೀಸಾನೂ ಹೋಯ್ತು," ಎಂದ ಚೆಲುವರಾಜು.

"ಗುಡ್ಡಕ್ಕ ನಿನ್ನ ಮ್ಯಾನೇಜರ್ ಗೊತ್ತಿಲ್ಲಪಾ," ಎಂದರು ವೀರಬಸಮ್ಮ.

ಪುಟ್ಟ ವಿಮಾನ ಅವರನ್ನು ಡೆನಾಲಿಯ ಬುಡದ ಹಿಮದ ಬಯಲಲ್ಲಿ ಇಳಿಸಿ ಹೋಯಿತು. ಸುತ್ತಲೂ ಬಿಳುಪು, ಒಂದು ಮರವಿಲ್ಲ, ಹಕ್ಕಿಯಿಲ್ಲ. ಹಗಲು ಸಾಮಾನು ಹೊತ್ತು ಮೇಲೇರಿ ಹಿಮದಲ್ಲಿ ಹೂತಿಟ್ಟು, ಮಲಗಲು ಮತ್ತೆ ಕೆಳಗಿಳಿಯುತ್ತಿದ್ದರು. ತೆಳುಗಾಳಿಗೆ ಮೈ ಒಗ್ಗುವುದು ಹಾಗೆಯೇ. ಮರಳುವ ದಾರಿಯ ಗುರುತಿಗೆ ಉದ್ದಕ್ಕೂ ಕೆಂಪು ಬಟ್ಟೆ ಕಟ್ಟಿದ ಬಿದಿರು ಕಡ್ಡಿ ನೆಟ್ಟರು. ಎತ್ತರದ ಕಾಯಿಲೆಯ ಮೊದಲ ಸುಳಿವು ತಲೆನೋವು; ದಿನಾ ಬೆಳಿಗ್ಗೆ ವೀರಬಸಮ್ಮನವರದು ಒಂದೇ ಪ್ರಶ್ನೆ: "ತಲಿ ಹೆಂಗೈತಿ?"

ಹದಿನಾಲ್ಕು ಸಾವಿರ ಅಡಿಯ ಕ್ಯಾಂಪಿನಲ್ಲಿ ಬಿರುಗಾಳಿ ಅವರನ್ನು ಐದು ದಿನ ಕಟ್ಟಿಹಾಕಿತು. ಚೆಲುವರಾಜು ಬೆರಳು ಮಡಚಿ ದಿನ ಎಣಿಸುತ್ತಲೇ ಇದ್ದ. ಜೂನ್ ಒಂದರಂದು ಆಕಾಶ ತಿಳಿಯಾಯಿತು.

"ತಲಿ ಹೆಂಗೈತಿ?"

"ಫಸ್ಟ್ ಕ್ಲಾಸ್ ಆಂಟಿ! ಹೊರಡೋಣ, ಇವತ್ತೇ ಮೇಲಿನ ಕ್ಯಾಂಪಿಗೆ."

ಅಕ್ಷತಾ ಮೂಗು ಮುರಿದಳು. "ಮಾಮ್, ದಿಸ್ ಟೆಂಟ್ ಸ್ಮೆಲ್ಸ್ ಲೈಕ್ ಅಜ್ಜಿ!"

ಅಮೃತಾಂಜನ! ವೀರಬಸಮ್ಮ ಅವನ ಟೋಪಿ ಕಿತ್ತರು. ಹಣೆ ಜಿಡ್ಡುಜಿಡ್ಡಾಗಿ ಹೊಳೆಯುತ್ತಿತ್ತು.

"ಎಷ್ಟ ದಿನದಿಂದ?"

"...ಮೂರು."

ತುಟಿ ನೀಲಿಗಟ್ಟಿತ್ತು. ಎದೆಗೆ ಕಿವಿಯಿಟ್ಟರೆ ನೀರು ಗುಳುಗುಟ್ಟುವ ಸದ್ದು; ಎತ್ತರಕ್ಕೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿತ್ತು.

"ಇಳೀರಿ. ಈಗಿಂದೀಗ."

"ನನ್ನಿಂದ ನಿಮ್ಮ ಪೀಕ್ ಹಾಳಾಗತ್ತೆ ಆಂಟಿ..."

"ಬಾಯಿ ಮುಚ್ಚು, ಉಸಿರು ಉಳಿಸ್ಕೋ."

ಒಂದೇ ಹಗ್ಗ. ಮುಂದೆ ಅಕ್ಷತಾ, ನಡುವೆ ಅವನು, ಹಿಂದೆ ವೀರಬಸಮ್ಮ.

ಮಧ್ಯಾಹ್ನ ಮೋಡ ಕವಿಯಿತು. ತಂತಮ್ಮ ಬೂಟೂ ಕಾಣದು.

ಅಕ್ಷತಾ ಕೈಯಿಂದ ತಡವಿದಳು. ಒಂದು ಕಡ್ಡಿ. ನಲವತ್ತು ಹೆಜ್ಜೆ. ಇನ್ನೊಂದು.

ಮೂರನೆಯದು ಸಿಗಲಿಲ್ಲ.

ಚೆಲುವರಾಜು ಕುಸಿದು ಜಾರಿದ. ಹಗ್ಗ ಬಿಗಿಯಿತು. ವೀರಬಸಮ್ಮ ಐಸ್ ಕೊಡಲಿ ಹಿಮಕ್ಕೆ ಹೊಡೆದು ಅದರ ಮೇಲೆ ಬಿದ್ದರು. ಜಾರುವುದು ನಿಂತಿತು!

ಅಕ್ಷತಾ ಮೊಣಕಾಲೂರಿ ಹಿಮ ಬಗೆದಳು. ಕೆಂಪು ಬಟ್ಟೆಯ ತುದಿ! "ಗಾಟ್ ಇಟ್!"

ಹನ್ನೊಂದು ಸಾವಿರ ಅಡಿಗೆ ಇಳಿದಾಗ ಅವನ ಉಸಿರು ಸಡಿಲವಾಯಿತು. ಜೂನ್ ಮೂರಕ್ಕೆ ತಳದ ಬಯಲು ಸೇರಿದರು. ಆದರೆ ಮೋಡ ಬಿಡದೆ ವಿಮಾನ ಬರಲಿಲ್ಲ. ಬಂದದ್ದು ಏಳರಂದು, ಅದೇ ಸೋಮವಾರ. ಹತ್ತುವಾಗ ಚೆಲುವರಾಜು ಗಡಿಯಾರ ನೋಡಲಿಲ್ಲ.

ಅವನು ಹೋಬೋಕನ್ನಿಗೆ ಮರಳುವಷ್ಟರಲ್ಲಿ ಆಫೀಸಿನ ಅವನ ಕುರ್ಚಿಯಲ್ಲಿ ಬೇರೊಬ್ಬರು ಕೂತಿದ್ದರು.

ಶಿಖರ ಸಿಗಲಿಲ್ಲ. ಮೂವರು ಹೋದವರು ಮೂವರೂ ಬಂದಿದ್ದರು. ಅವನನ್ನು ಕಳಿಸಿಕೊಡಲು ಬಂದ ದಿನ ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ಅಕ್ಷತಾ ಅವನ ಚೀಲಕ್ಕೆ ಕೆಂಪು ಬಟ್ಟೆಯ ಚೂರೊಂದನ್ನು ಕಟ್ಟಿದಳು.

"ತಲಿ ಹೆಂಗೈತಿ?" ಎಂದರು ವೀರಬಸಮ್ಮ.

ಅವನು ಚೀಲ ಹೆಗಲಿಗೇರಿಸಿದ. "ನೋಯ್ತಿದೆ ಆಂಟಿ."

"ಹಂಗ ಹೇಳಬೇಕು."

ಜೂನ್ ಇಪ್ಪತ್ತು, ಭಾನುವಾರ, ಕೆಲಸವೂ ವೀಸಾವೂ ಹೋಗಿ ಚೆಲುವರಾಜು ಸ್ವದೇಶಕ್ಕೆ ಹೊರಟ.