ಬಲೆಬುಟ್ಟಿಯೊಳಗಿನ ಏಡಿ

ಬಹಳ ಹಿಂದೆ, ಹೊಳೆ ಕಡಲು ಸೇರುವ ಕಡೆ ಅಳಿವೆಪುರ ಅಂತ ಒಂದು ರಾಜ್ಯವಿತ್ತು. ರಾಜನೂ ಇದ್ದ, ಇದ್ದೂ ಇಲ್ಲದ ಹಾಗೆ. ಆಳುತ್ತಿದ್ದವನು ಧೂಮಕನೆಂಬ ಮಾಯಗಾರ. ಆ ಹಾಳಾದವನಿಗೆ ಮನುಷ್ಯರ ಆಯುಸ್ಸೇ ಊಟ. ಒಂದು ಬೆಳಿಗ್ಗೆ ದಡದ ಕೇರಿಯವರನ್ನೆಲ್ಲ ಮಂತ್ರ ಹಾಕಿ ಸಿಂಪಿಗಳನ್ನಾಗಿ ಮಾಡಿದ. ಹಸಿವಾದಾಗ ತಿನ್ನೋಣವೆಂದು ಕೆಸರಲ್ಲಿ ಬಿಟ್ಟುಹೋದ.

ಉಳಿದವಳು ದುರ್ಗು ಒಬ್ಬಳೇ. ಅವಳು ಆಗ ಹೊಳೆಯ ನಡುವೆ ತೆಪ್ಪದ ಮೇಲಿದ್ದು, ಅಲ್ಲಿಂದಲೇ ಎಲ್ಲ ಕಂಡಳು. ಅವಳೂ ಗಂಡ ಬೊಮ್ಮಯ್ಯನೂ ತೆಪ್ಪದಿಂದ ಬಲೆಬುಟ್ಟಿಗಳನ್ನು ನೀರಿಗೆ ಇಳಿಬಿಟ್ಟು ಸಿಂಪಿ ಸಾಕಿ ಬದುಕುವವರು. ಬಂದು ನೋಡಿದರೆ ಗಂಡನಿಲ್ಲ, ಅತ್ತೆಯಿಲ್ಲ, ಕೆಸರಿನ ತುಂಬ ಸಿಂಪಿ. ಅಯ್ಯೋ, ಯಾವುದು ಬೊಮ್ಮಯ್ಯ, ಯಾವುದು ಅತ್ತೆ, ಹೇಗೆ ಹೇಳುವುದು? ಕೆಸರಲ್ಲಿ ಹೂತ ಸಿಂಪಿ ಉಸಿರುಗಟ್ಟಿ ಸಾಯುತ್ತದೆ. ಅಳುತ್ತಲೇ ಎಲ್ಲರನ್ನೂ ಆರಿಸಿ, ಗಂಡ ಹೆಣೆದ ದೊಡ್ಡ ಬುಟ್ಟಿಗೆ ತುಂಬಿ, ತೆಪ್ಪದ ಕೆಳಗೆ ತೂಗುಬಿಟ್ಟಳು. ಆ ಬಲೆಗೆ ಕಡಲಮ್ಮನ ಕಾವಲಿತ್ತು. ಯಾವ ಮಂತ್ರಕ್ಕೂ ಹರಿಯುತ್ತಿರಲಿಲ್ಲ.

ಧೂಮಕ ಮೊಸಳೆಯಾಗಿ ಬಂದು ಕಚ್ಚಿದ, ಹಲ್ಲು ಮುರಿಯಿತು. ನೀರುನಾಯಿಯಾಗಿ ಬಂದು ಪರಚಿದ, ಉಗುರು ಕಿತ್ತುಹೋಯಿತು. ಮೂರನೆಯ ಸಲ ಅಕ್ಕಿಕಾಳಿನಷ್ಟು ಏಡಿಯಾಗಿ ಬಂದು, ಬಲೆಯ ಕಣ್ಣಿನಲ್ಲಿ ಸಲೀಸಾಗಿ ನುಸುಳಿದ.

ದುರ್ಗು ನೋಡಿದಳು. ಸಿಂಪಿ ಸಾಕುವವರಿಗೆಲ್ಲ ಗೊತ್ತಿರುವ ಸಂಗತಿ ಇದು: ಮರಿ ಏಡಿ ಬುಟ್ಟಿ ಹೊಕ್ಕು ತಿಂದು ತಿಂದು ಕೊಬ್ಬುತ್ತದೆ, ಆಮೇಲೆ ಹೊರಗೆ ಬರಲಾಗದು. ನೀರಲ್ಲಿ ತಳೆದ ರೂಪವನ್ನು ಧೂಮಕ ನೀರಲ್ಲೇ ಕಳಚಬೇಕಿತ್ತು, ನೀರಿನ ಹೊರಗೆ ಆಗುತ್ತಿರಲಿಲ್ಲ. ಕೊಬ್ಬಿದ ಮೇಲೆ ಬುಟ್ಟಿ ಎತ್ತಿದರೆ ಅವನ ಕತೆ ಮುಗಿಯಿತು. ಈಗಲೇ ಎತ್ತಿದರೆ ನುಸುಳಿ ಓಡುತ್ತಾನೆ, ಮತ್ತೆ ಬರುತ್ತಾನೆ. ಕಾಯಬೇಕು. ಕಾದರೆ ಅವನು ತಿನ್ನುತ್ತಾನೆ.

ಹಗ್ಗ ಹಿಡಿದು ಕೂತಳು. ಕೆಳಗೆ ಚಿಪ್ಪು ಒಡೆದ ಸದ್ದು. ಮತ್ತೊಂದು. ಪ್ರತಿ ಸದ್ದಿಗೂ ಹಗ್ಗವನ್ನು ಮತ್ತಷ್ಟು ಬಿಗಿಹಿಡಿದಳು.

“ದುರ್ಗೂ,” ಎಂದು ಧೂಮಕ ಒಳಗಿನಿಂದ ಕರೆದ. “ನಿನ್ನ ಗಂಡ ಯಾವುದೆಂದು ನನಗೆ ಗೊತ್ತು. ಸುಮ್ಮನೆ ತೆಪ್ಪ ಬಿಟ್ಟು ಹೋಗು. ಅವನೊಬ್ಬನನ್ನು ಮುಟ್ಟುವುದಿಲ್ಲ.”

ಅವಳು ಹೋಗಲಿಲ್ಲ. ಮತ್ತೊಂದು ಚಿಪ್ಪು ಒಡೆಯಿತು. ಅವನು ಹೊಟ್ಟೆ ಬಿರಿಯ ತಿಂದು ತೇಗಿದ್ದು ಕೇಳಿದ ಮೇಲೆ, ಮೈಯ ಬಲವನ್ನೆಲ್ಲ ಹಾಕಿ ಬುಟ್ಟಿಯನ್ನು ಉರಿಬಿಸಿಲಿಗೆ ಎಳೆದಳು. ಸಿಂಪಿಗಳು ಬಾಯಿ ಮುಚ್ಚಿಕೊಂಡು ತಡೆದುಕೊಂಡವು. ತಟ್ಟೆಯಗಲ ಬೆಳೆದ ಏಡಿ ಬಲೆಗೆ ಬಡಿದುಕೊಂಡಿತು, ಬಿಡು ಬಿಡು ಎಂದು ಅಂಗಲಾಚಿತು, ಸಂಜೆಯ ಹೊತ್ತಿಗೆ ಒಣಗಿ ಸತ್ತಿತು.

ದುರ್ಗು ಬುಟ್ಟಿಯನ್ನು ದಡಕ್ಕೆ ತಂದು ಸುರಿದಳು. ಚಿಪ್ಪು ತೆರೆದು ಕೇರಿಯವರು ಒಬ್ಬೊಬ್ಬರಾಗಿ ಎದ್ದರು. ಅತ್ತೆ ಎದ್ದಳು. ಕೆಲವರು ಏಳಲಿಲ್ಲ. ಬೊಮ್ಮಯ್ಯನೂ ಏಳಲಿಲ್ಲ.

“ನನ್ನ ಮಗ ಎಲ್ಲಿ?” ಎಂದಳು ಅತ್ತೆ.

“ಏಡಿ ಹೊಕ್ಕಾಗಲೇ ನಾನು ಬುಟ್ಟಿ ಎತ್ತಬಹುದಿತ್ತು, ಅತ್ತೆ. ಎತ್ತಲಿಲ್ಲ.”

ಅತ್ತೆ ಒಡೆದ ಚಿಪ್ಪುಗಳನ್ನು ನೋಡಿದಳು. ಸುತ್ತ ನಿಂತ ಕೇರಿಯ ಮಕ್ಕಳುಮರಿಗಳನ್ನೂ ನೋಡಿದಳು. ಆಮೇಲೆ ಸೊಸೆಯನ್ನು ಅಪ್ಪಿಕೊಂಡು ಗೋಳೋ ಎಂದು ಅತ್ತಳು.

ಮಾಯಗಾರ ಹೋದ ಮೇಲೆ ಅಳಿವೆಪುರದಲ್ಲಿ ಮಳೆ ಬೆಳೆ ಚೆನ್ನಾಯಿತು. ಕೇರಿಯವರು ಮಕ್ಕಳು ಮೊಮ್ಮಕ್ಕಳನ್ನು ಕಂಡು ಸುಖವಾಗಿ ಬಾಳಿದರು. ಅತ್ತೆ ಸೊಸೆ ಇಬ್ಬರೂ ಅದೇ ತೆಪ್ಪದಲ್ಲಿ ಸಿಂಪಿ ಸಾಕಿದರು, ಆದರೆ ಮತ್ತೆಂದೂ ಒಂದನ್ನೂ ಬಾಯಿಗೆ ಹಾಕಲಿಲ್ಲ.