ಸೈಕಲ್ಲಿಗೆ ಕಟ್ಟಿದ ರಟ್ಟು

“ಕಿತ್ತು ಹಾಕೇ ಅದನ್ನ! ಇಷ್ಟು ಸದ್ದು ಮಾಡಿದ್ರೆ ನವಿಲಿರ್ಲಿ, ಕಾಗೇನೂ ಕಾಣ್ಸಲ್ಲ.”

ಗುರುಬಸು ಸೈಕಲ್ ನಿಲ್ಲಿಸಿ ತಂಗಿಯ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಕೈ ಹಾಕಿದ. ಜಗದಾಂಬಾ ಹಳೇ ನೋಟ್‌ಬುಕ್ಕಿನ ರಟ್ಟನ್ನು ಕಡ್ಡಿಗಳಿಗೆ ತಾಗುವಂತೆ ದಾರದಿಂದ ಕಟ್ಟಿದ್ದಳು. ಚಕ್ರ ತಿರುಗಿದರೆ ಟರ್ರ್ ಎಂದು ಮೋಟಾರ್ ಬೈಕಿನ ಸದ್ದು. ಬೆಳಿಗ್ಗೆ ರಾಜಾಜಿನಗರ ಬಿಟ್ಟಾಗಿನಿಂದ ಕೆಂಗೇರಿ ದಾಟಿ ಈ ಗುಡ್ಡಗಳವರೆಗೂ ಅದು ಜೊತೆಗೇ ಬಂದಿತ್ತು.

ಅವರಿಗೆ ಆಗಷ್ಟೇ ಕುಡಿಯಲು ನೀರು ಕೊಟ್ಟಿದ್ದ ಆಡು ಕಾಯುವ ಮುದುಕ ಬೆಟ್ಟಯ್ಯ ತನ್ನ ಆಡುಗಳ ನಡುವಿನಿಂದಲೇ ಕೂಗಿದ. “ಇರ್ಲಿ ಬಿಡಪ್ಪ. ಸದ್ದು ಮಾಡ್ಕಂಡೇ ಹೋಗಿ. ಮೇಲ್ಗಡೆ ಕರಡಿ ಮರಿ ಹಾಕೈತೆ. ಸದ್ದು ಕೇಳಿದ್ರೆ ಅದೇ ದೂರ ಹೋಯ್ತದೆ.”

“ಆಯ್ತು ತಾತ,” ಎಂದ ಗುರುಬಸು. ತಿರುವು ದಾಟಿದ ಮೇಲೆ ನಕ್ಕ. “ಕರಡಿಯಂತೆ! ನಮ್ಮನ್ನ ಹೆದರ್ಸೋಕೆ ಹೇಳ್ತಾನೆ.” ದಾರ ಕಿತ್ತು ರಟ್ಟನ್ನು ಎಸೆದ.

ಅವನು ಹತ್ತನೇ ಕ್ಲಾಸ್ ಮುಗಿಸಿದ್ದ. ಬೆಲ್ ಬಾಟಮ್ ಚೈನಿಗೆ ಸಿಗದಂತೆ ಎರಡೂ ಕಾಲಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡಿದ್ದ. ಹೊರಡುವಾಗಲೇ ಹೇಳಿದ್ದ: “ಅತ್ರೆ ಇನ್ಯಾವತ್ತೂ ಕರ್ಕೊಂಡು ಹೋಗಲ್ಲ.” ಜಗದಾಂಬಾ ರಟ್ಟನ್ನೂ ದಾರವನ್ನೂ ಹೆಕ್ಕಿ ಚೀಲಕ್ಕೆ ಹಾಕಿಕೊಂಡಳು.

ಸದ್ದು ನಿಂತ ಮೇಲೆ ಗುಡ್ಡ ಬೇರೆಯೇ ಆಯಿತು. ಒಣ ಎಲೆ ಅಲುಗಿದರೂ ಕೇಳಿಸುತ್ತಿತ್ತು. ನವಿಲು ಕಂಡಿತು, ನಿಜ. ಬಂಡೆಯಿಂದ ಬಂಡೆಗೆ ಉದ್ದ ಬಾಲ ಎಳೆದುಕೊಂಡು ಹಾರಿತು. “ನೋಡಿದ್ಯಾ? ನಾನು ಹೇಳ್ಲಿಲ್ವಾ?” ಎಂದು ಅಣ್ಣ ಬೀಗಿದ. ಆಮೇಲೆ ದಾರಿಗೆ ಅಡ್ಡವಾಗಿ ಒಂದು ಹಾವು ಹೋಯಿತು. ಅದರ ಬಾಲ ಪೊದೆ ಸೇರುವವರೆಗೂ ಜಗದಾಂಬಾ ಬ್ರೇಕ್ ಬಿಡಲಿಲ್ಲ.

“ಅಣ್ಣ, ಸಾಕು. ವಾಪಸ್ ಹೋಗೋಣ.”

“ಅಳ್ತೀಯಾ?”

“ಇಲ್ಲ.”

“ಹಾಗಾದ್ರೆ ಬಾ.”

ಏರು ಜಾಸ್ತಿಯಾಯಿತು. ಬಾಡಿಗೆಗೆ ತಂದ ಚಿಕ್ಕ ಸೈಕಲ್ಲಿನಿಂದ ಇಳಿದು ಅವಳು ತಳ್ಳತೊಡಗಿದಳು. ಅಣ್ಣ ನಿಂತುಕೊಂಡೇ ಪೆಡಲ್ ತುಳಿಯುತ್ತ ಮುಂದೆ ಹೋದ. ತಿರುವಿನಲ್ಲಿ ಗಕ್ಕನೆ ನಿಂತ. ಸೈಕಲ್ ತಿರುಗಿಸಿದ. ಅವಳ ಪಕ್ಕದಿಂದಲೇ ಗಾಳಿಯಂತೆ ಕೆಳಗೆ ಹೋಗಿಬಿಟ್ಟ. ಒಂದು ಮಾತೂ ಆಡಲಿಲ್ಲ. ಅವನ ಮುಖ ಬೂದಿ ಬಳಿದಂತಿತ್ತು.

ತಿರುವಿನತ್ತ ನಾಲ್ಕು ಹೆಜ್ಜೆ ಇಟ್ಟಾಗ ಅವಳಿಗೂ ಕಂಡಿತು.

ಹುತ್ತದ ಪಕ್ಕ ಕರಡಿ. ಹತ್ತಿರ, ತೀರ ಹತ್ತಿರ. ಮೂತಿಗೆಲ್ಲ ಕೆಂಪು ಮಣ್ಣು. ಅಗೆಯುವುದನ್ನು ನಿಲ್ಲಿಸಿ ಅದು ಹಿಂಗಾಲಿನ ಮೇಲೆ ಎದ್ದು ನಿಂತಿತು. ಅದರ ಉಸಿರು ಬುಸ್ ಬುಸ್ ಎನ್ನುತ್ತಿತ್ತು. ಕಾಲ ಬಳಿ ಎರಡು ಮರಿಗಳು.

ಜಗದಾಂಬಾಗೆ ಕೂಗಬೇಕೆನಿಸಿತು. ಬಾಯಿ ತೆರೆಯಿತು, ಸದ್ದು ಹೊರಡಲಿಲ್ಲ. ಓಡಬೇಕೆನಿಸಿತು. ಕಾಲೇ ಏಳಲಿಲ್ಲ. ಬೆವೆತ ಕೈಯಿಂದ ಹ್ಯಾಂಡಲ್ ಜಾರಿತು.

ಧಡಾರ್! ಸೈಕಲ್ ಕಲ್ಲಿನ ಮೇಲೆ ಬಿತ್ತು, ಬೆಲ್ ಠಣ್ ಎಂದಿತು. ಕರಡಿ ಬೆಚ್ಚಿ ಕೆಳಗಿಳಿಯಿತು. ಮರಿಗಳು ಅದರ ಬೆನ್ನಿನ ಉದ್ದ ಕೂದಲು ಹಿಡಿದು ಹತ್ತಿದವು. ಒಂದು ಜಾರಿತು. ಕರಡಿ ಕದಲಲಿಲ್ಲ. ಅದೂ ಹತ್ತಿದ ಮೇಲೆಯೇ ಪೊದೆಯೊಳಗೆ ನುಗ್ಗಿತು. ಸುಮಾರು ಹೊತ್ತು ಕೊಂಬೆಗಳು ಮುರಿಯುವ ಸದ್ದು ಬರುತ್ತಿತ್ತು.

ಅವಳು ನೆಲದ ಮೇಲೆ ಕುಳಿತುಬಿಟ್ಟಳು. ಅಳು ಬಂತು. ಅತ್ತಳು.

ಕೆಳಗಿನಿಂದ ಯಾರೋ ಏದುಸಿರು ಬಿಡುತ್ತ ಓಡಿ ಬಂದರು. ಗುರುಬಸು. ಸೈಕಲ್ ಇರಲಿಲ್ಲ. ಕೈಯಲ್ಲಿ ಪೆನ್ಸಿಲ್ ದಪ್ಪದ ಒಂದು ಒಣ ಕಡ್ಡಿ. ಅದರಿಂದ ಕರಡಿ ಇರಲಿ, ಬೆಕ್ಕನ್ನೂ ಓಡಿಸಲಾಗುತ್ತಿರಲಿಲ್ಲ.

“ಎಲ್ಲಿ ಅದು?”

“ಹೋಯ್ತು.”

“ನೀನೂ ಹಿಂದೆ ಬರ್ತಿದೀಯ ಅನ್ಕೊಂಡೆ ಕಣೇ...”

ಅವನು ಅವಳನ್ನು ನೋಡಲಿಲ್ಲ. ಬಾಗಿ ಸೈಕಲ್ ಎತ್ತಿದ, ಮುಂದಿನ ಚಕ್ರವನ್ನು ಮೊಣಕಾಲ ನಡುವೆ ಸಿಕ್ಕಿಸಿ ಸೊಟ್ಟಗಾದ ಹ್ಯಾಂಡಲ್ಲನ್ನು ನೇರ ಮಾಡಿದ. ಇಬ್ಬರೂ ಇಳಿಯತೊಡಗಿದರು. ಎರಡು ತಿರುವಿನ ಕೆಳಗೆ ಅವನ ಸೈಕಲ್ ದಾರಿ ಮಧ್ಯೆಯೇ ಬಿದ್ದಿತ್ತು.

“ಆ ರಟ್ಟು... ಇದೆಯಾ?” ಎಂದು ಮೆಲ್ಲಗೆ ಕೇಳಿದ.

ಜಗದಾಂಬಾ ಚೀಲದಿಂದ ರಟ್ಟು ತೆಗೆದು ಎರಡು ಹೋಳು ಮಾಡಿದಳು. ದಾರ ಒಂದಕ್ಕೇ ಸಾಕಾಗುವಷ್ಟಿತ್ತು. ಅದರಿಂದ ಒಂದು ಹೋಳನ್ನು ತನ್ನ ಚಕ್ರಕ್ಕೆ ಕಟ್ಟಿಕೊಂಡಳು. ಆಮೇಲೆ ಜಡೆಯ ಕೆಂಪು ಟೇಪು ಬಿಚ್ಚಿ ಇನ್ನೊಂದನ್ನು ಅಣ್ಣನ ಚಕ್ರಕ್ಕೆ ಕಟ್ಟಿದಳು. ಬೇರೆ ದಿನವಾಗಿದ್ದರೆ ಹುಡುಗಿಯರ ಟೇಪು ಎಂದು ಕುಣಿದಾಡುತ್ತಿದ್ದ. ಇವತ್ತು ಚಕ್ರ ಅಲುಗದಂತೆ ಹಿಡಿದುಕೊಂಡ.

“ನೀನು ಮುಂದೆ ಹೋಗು,” ಎಂದ.

“ಯಾಕೆ?”

“ಮುಂದಿದ್ರೆ ಕಾಣಿಸ್ತೀಯ.”

ಟರ್ರ್, ಟರ್ರ್. ಎರಡು ಸದ್ದು ಗುಡ್ಡ ಇಳಿದವು. ಪೊದೆಯಲ್ಲಿ ಏನಾದರೂ ಸರಕ್ ಎಂದರೆ ಅವಳ ಬೆನ್ನು ಜುಮ್ಮೆನ್ನುತ್ತಿತ್ತು. ಆದರೂ ಹಿಂದಿರುಗಿ ನೋಡಲಿಲ್ಲ, ಕಿವಿಗೊಟ್ಟಳು. ಹಿಂದಿನ ಸದ್ದು ಒಂದು ಸಲ ದೂರವಾಯಿತು. ಬ್ರೇಕ್ ಹಿಡಿದು ಕಾದಳು. ಅದು ಮತ್ತೆ ಹತ್ತಿರ ಬಂತು.

ಕೆಂಗೇರಿಯ ಹತ್ತಿರ ಮೈಸೂರು ರಸ್ತೆಗೆ ಸೇರಿದಾಗ ಲಾರಿಗಳ ಗದ್ದಲದಲ್ಲಿ ಯಾವ ಸದ್ದೂ ಕೇಳಿಸದಾಯಿತು. ಆಗ ಮಾತ್ರ ಒಮ್ಮೆ ತಿರುಗಿ ನೋಡಿದಳು.

ಅಣ್ಣ ಅಲ್ಲೇ ಇದ್ದ. ಅವನ ಚಕ್ರದಲ್ಲಿ ಕೆಂಪು ಟೇಪಿನ ತುದಿ ಪಟಪಟ ಹಾರುತ್ತಿತ್ತು.