ಬಾಗಿಲ ಮೇಲಿನ ಮೊಣಕೈ

"ಮುಟ್ಟಬೇಡಿ!"

ಹಳೆ ಕಾರು ಕ್ಲಬ್ಬಿನ ಮೈದಾನದಲ್ಲಿ ಸಾಲಾಗಿ ನಿಂತಿದ್ದ ಕಾರುಗಳ ನಡುವಿನಿಂದ ಆ ಕೂಗು ಎದ್ದದ್ದೇ ತಡ, ಬಾನೆಟ್ಟುಗಳೊಳಗೆ ತಲೆ ತೂರಿಸಿಕೊಂಡಿದ್ದವರೆಲ್ಲ ಹೊರಗಿಣುಕಿದರು.

ಕೂಗಿದವಳು ಹಲ್ಲಿನ ಡಾಕ್ಟರು. ದಿನವಿಡೀ "ಸ್ವಲ್ಪ ಬಾಯಿ ತೆಗೀರಿ" ಎಂದು ಮೆಲ್ಲಗೆ ಹೇಳಿ ಪಳಗಿದ ದನಿ ಅಷ್ಟೆತ್ತರಕ್ಕೆ ಏರಬಲ್ಲದು ಎಂದು ಅವಳಿಗೇ ಗೊತ್ತಿರಲಿಲ್ಲ.

ಅವಳ ಕಾರಿನ ಬಾಗಿಲ ಬಳಿ ಒಬ್ಬ ಬಗ್ಗಿ ನಿಂತಿದ್ದ. ಒಂದು ಕೈಯಲ್ಲಿ ಪಾಲಿಶ್ ಡಬ್ಬಿ, ಇನ್ನೊಂದರಲ್ಲಿ ಮೆತ್ತನೆಯ ಬಟ್ಟೆ.

"ಅಲ್ಲಾ... ಇಲ್ಲಿ ಬಣ್ಣ ಹೋಗಿದೆ. ತುಕ್ಕು ಹಿಡಿಯುತ್ತೆ ಅಂತ..."

"ಬಣ್ಣ ಹೋಗಿರೋದಲ್ಲ ರೀ ಅದು. ನಮ್ಮಪ್ಪನ ಮೊಣಕೈ!"

ಅವನು ಆ ಜಾಗವನ್ನು ನೋಡಿದ. ಅವಳನ್ನು ನೋಡಿದ. ಆಮೇಲೆ ಅಪ್ಪನ ಉಳಿದ ಭಾಗ ಎಲ್ಲಿ ಎಂಬಂತೆ ಸುತ್ತಲೂ ನೋಡಿದ.

ಉಳಿದ ಭಾಗ ಕಾರಿನ ಹಿಂದೆ ಮಡಿಸುವ ಕುರ್ಚಿಯಲ್ಲಿ ಕೂತು ಕಿತ್ತಳೆ ಸುಲಿಯುತ್ತಿತ್ತು. ತಲೆ ಮಾತ್ರ ಎತ್ತಲಿಲ್ಲ.

ಚಾಲಕನ ಕಿಟಕಿಯ ಕೆಳಗೆ ಅಂಗೈಯಷ್ಟು ಜಾಗದಲ್ಲಿ ಹಸಿರು ಬಣ್ಣ ಸವೆದು ಲೋಹ ಬೆಳ್ಳಗೆ ಮಿನುಗುತ್ತಿತ್ತು. ವರ್ಷಾನುಗಟ್ಟಲೆ ಅಪ್ಪ ಮೊಣಕೈ ಊರಿ ಕಾರು ಓಡಿಸಿದ ಗುರುತು. ಕಣ್ಣಿನ ತೊಂದರೆಯಿಂದ ಅಪ್ಪ ಸ್ಟೀರಿಂಗ್ ಬಿಟ್ಟ ಮೇಲೆ ಕಾರು ಅವಳ ಪಾಲಿಗೆ ಬಂದಿತ್ತು. ಎಂಜಿನ್ ಬಿಚ್ಚಿದಳು, ಸೀಟು ಹೊಲಿಸಿದಳು, ಹಲ್ಲು ನೋಡುವ ಪುಟ್ಟ ಕನ್ನಡಿಯನ್ನೇ ಕಾರ್ಬುರೇಟರಿನ ಸಂದಿಗೆ ಇಳಿಸಿದಳು. ಆ ಗುರುತಿಗೆ ಮಾತ್ರ ಕೈ ಹಚ್ಚಿರಲಿಲ್ಲ.

"ತಪ್ಪಾಯ್ತು. ಗೊತ್ತಿರಲಿಲ್ಲ," ಎಂದ ಅವನು. ಬಾಗಿಲ ಕಡೆ ತಿರುಗಿ ಗಂಭೀರವಾಗಿ, "ಕ್ಷಮಿಸಿ ಸರ್," ಎಂದೂ ಸೇರಿಸಿದ.

ಅವಳಿಗೆ ನಗು ಬಂತು. ಕೋಪವನ್ನು ಉಳಿಸಿಕೊಳ್ಳಲು ಬಹಳ ಒದ್ದಾಡಿದಳು, ಆಗಲಿಲ್ಲ.

ಅವನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ಮೇಷ್ಟ್ರು. ಹಳೆಯ ಬಣ್ಣ ಯಾವುದೇ ಇರಲಿ, ಹಾಗೇ ಕಲಸಿಕೊಡುತ್ತಾನೆಂದು ಕ್ಲಬ್ಬಿನಲ್ಲಿ ಹೆಸರು. ಮಾತು ಮಾತ್ರ ಅಳೆದು ಸುರಿದಂತೆ. ಆಮೇಲಿನ ಭಾನುವಾರಗಳಲ್ಲಿ ಇಬ್ಬರೂ ಕಾರಿನಡಿ ಅಕ್ಕಪಕ್ಕ ಮಲಗಿ ಕೆಲಸ ಮಾಡುವಾಗ ಎಷ್ಟೋ ಹೊತ್ತು ಮೌನವೇ ಇರುತ್ತಿತ್ತು. ಆ ಮೌನ ಅವಳಿಗೆ ಹಿತವಾಗಿತ್ತು. ದವಾಖಾನೆಯಲ್ಲಿ ಬಾಯಿ ತೆರೆದವರನ್ನು ನೋಡಿ ನೋಡಿ ಸಾಕಾಗಿತ್ತೋ ಏನೋ!

'ಇವನು ಸುಮ್ಮನಿದ್ದರೂ ಜೊತೆಗಿದ್ದಾನೆ ಅನ್ನಿಸುತ್ತಲ್ಲ... ಯಾಕೆ?' ಎಂದು ಕೇಳಿಕೊಂಡಳು. ಉತ್ತರ ಗೊತ್ತಿದ್ದರಿಂದ ಮತ್ತೆ ಕೇಳಿಕೊಳ್ಳಲಿಲ್ಲ.

ವಾರ್ಷಿಕ ಪ್ರದರ್ಶನ ಹತ್ತಿರ ಬಂದಾಗ ಕಿಟಕಿಯ ಗಾಜು ಕೆಳಗಿಳಿದದ್ದು ಮೇಲೇಳದೆ ಹಟ ಹಿಡಿಯಿತು. ಅವನ ಬಳಿ ಅದರ ಬಿಡಿಭಾಗವಿತ್ತು. ಅವಳು ಬಾಗಿಲನ್ನೇ ಕಳಚಿ ಅವನ ಕೈಗಿತ್ತಳು. ಹೆಣ್ಣು ಒಪ್ಪಿಸಿಕೊಡುವ ತಾಯಿಯ ಹಾಗೆ ಅದನ್ನು ಮತ್ತೊಮ್ಮೆ ಸವರಿದಳು.

"ಹುಷಾರು ಮೇಷ್ಟ್ರೇ... ನಾನು ಈ ಸಲ ಮೈಕಿನಲ್ಲಿ ಹೇಳ್ಬೇಕು ಅಂತಿದ್ದೀನಿ, ಆ ಗುರುತಿನ ಕಥೇನ."

"ಹ್ಞೂಂ," ಎಂದ ಅವನು.

ಪಕ್ಕದಲ್ಲೇ ಇದ್ದ ಅಪ್ಪನಿಗೆ ಅದೇ ಗಳಿಗೆಯಲ್ಲಿ ಕೆಮ್ಮು ಬಂತು.

ವಾರ ಕಳೆದು ಅವನು ಬಾಗಿಲನ್ನು ಬೆಡ್‌ಶೀಟಿನಲ್ಲಿ ಸುತ್ತಿ ತಂದ. ಅವಳು ಬಟ್ಟೆ ಸರಿಸಿದಳು. ಗಾಜು ಬೆಣ್ಣೆಯಂತೆ ಮೇಲೇರಿತು. ಕೆಳಗೆ... ಹಸಿರು. ಅಂಚಿನಿಂದ ಅಂಚಿಗೆ ನುಣ್ಣಗಿನ, ತುಂಬು ಹಸಿರು!

"ಎಲ್ಲಿ?"

ಅವನು ಒಮ್ಮೆ ಅಪ್ಪನ ಕಡೆ ನೋಡಿದ. ಅಪ್ಪ ಸ್ಪಾರ್ಕ್ ಪ್ಲಗ್ಗೊಂದನ್ನು ಎತ್ತಿಕೊಂಡು, ಅದರಲ್ಲಿ ಲೋಕದ ರಹಸ್ಯವೆಲ್ಲ ಅಡಗಿದೆಯೋ ಎಂಬಂತೆ ದಿಟ್ಟಿಸುತ್ತಿದ್ದರು.

"ಎಲ್ಲಿ ಅಂತ ಕೇಳಿದೆ! ಅಷ್ಟು ಹೇಳಿದ್ದೆ ನಿಮಗೆ!"

"ಕ್ಷಮಿಸಿ."

"ಕ್ಷಮಿಸಿ ಅಂದ್ರೆ ಬರುತ್ತಾ ಅದು? ಹೊಳಪು ಬಿಟ್ಟು ಬೇರೇನೂ ಕಾಣಲ್ವಾ ನಿಮ್ಮ ಕಣ್ಣಿಗೆ? ಯಾಕೆ ಮಾಡಿದ್ರಿ ಹೇಳಿ!"

ಅವನು ಬೆಡ್‌ಶೀಟನ್ನು ನಾಲ್ಕು ಮಡಿಕೆ ಮಡಿಸಿ, ಕಂಕುಳಲ್ಲಿಟ್ಟುಕೊಂಡು ಹೊರಟುಹೋದ.

ಹಿತವಾಗಿದ್ದ ಅವನ ಮೌನ ಅವತ್ತು ಮೊದಲ ಸಲ ಅವಳನ್ನು ಚುಚ್ಚಿತು.

ಆಮೇಲೆ ಅವಳು ಕ್ಲಬ್ಬಿಗೆ ಹೋಗಲಿಲ್ಲ. ಅವನು ಮಾಡಿದ ಕರೆಗಳನ್ನು ಎತ್ತಲಿಲ್ಲ. ಕರೆಗಳು ನಿಂತಾಗ, ಯಾಕೆ ನಿಂತವು ಎಂದು ಫೋನನ್ನು ಅಲ್ಲಾಡಿಸಿ ನೋಡಿದಳು. ಹಲ್ಲು ಕೀಳಿಸಿಕೊಳ್ಳಲು ಬಂದವರು ಅವಳ ಮುಖ ನೋಡಿ, "ನೋವು ಕಡಿಮೆ ಆಯ್ತು ಡಾಕ್ಟ್ರೇ, ನಾಳೆ ಬರ್ತೀವಿ," ಎಂದು ಎದ್ದುಹೋಗತೊಡಗಿದರು.

ಕೊನೆಗೆ ತಡೆಯಲಾರದೆ ಹೋದವರು ಅಪ್ಪ. ಒಂದು ಸಂಜೆ, ದವಾಖಾನೆಯಿಂದ ಆಗಷ್ಟೇ ಬಂದ ಅವಳನ್ನು ಕೈಹಿಡಿದು ಶೆಡ್ಡಿಗೆ ಕರೆದೊಯ್ದರು. ಚಾಲಕನ ಸೀಟಿನಲ್ಲಿ ಕೂತು, ಅವಳು ಮತ್ತೆ ಜೋಡಿಸಿದ್ದ ಬಾಗಿಲನ್ನು ಹಾಕಿಕೊಂಡರು.

"ನೋಡು ಪುಟ್ಟೀ."

"ಏನು ನೋಡೋದು?"

"ನನ್ನ ಮೊಣಕೈ ನೋಡು."

ಅಪ್ಪ ಕುಳ್ಳು. ಕೂತರೆ ಕಿಟಕಿಯ ಅಂಚು ಭುಜದ ಹತ್ತಿರ ಬರುತ್ತಿತ್ತು. ಮೊಣಕೈಯನ್ನು ಅಲ್ಲಿಗೇರಿಸಲು ಅವರು ಪಟ್ಟ ಪಾಡು ಕೋಳಿ ರೆಕ್ಕೆ ಬಡಿದಂತಿತ್ತು.

"ಮೂಗು ಊರಬಹುದು, ಮೊಣಕೈ ಊರೋಕಾಗಲ್ಲ," ಎಂದರು ಅಪ್ಪ. "ಅದು ನಂಗೆ ಈ ಕಾರು ಮಾರಿದನಲ್ಲ, ಆರಡಿಯ ಆಸಾಮಿ, ಅವನ ಮೊಣಕೈ. ನೀನು ಚಿಕ್ಕವಳಿದ್ದಾಗ ಇದೇನಪ್ಪಾ ಅಂತ ಕೇಳಿದೆ. ನಂದೇ ಅಂತ ಬಾಯಿಗೆ ಬಂದದ್ದು ಅಂದೆ. ನೀನು ಅದಕ್ಕೊಂದು ಮುತ್ತು ಕೊಟ್ಟೆ. ಆಮೇಲೆ ಹೇಗೆ ಬಾಯಿ ಬಿಡ್ಲಿ ಹೇಳು?"

ಅವಳು ಪಕ್ಕದ ಸ್ಟೂಲಿನ ಮೇಲೆ ಕುಸಿದಳು.

"ಮೈಕಿನಲ್ಲಿ ಹೇಳ್ತೀನಿ ಅಂದ್ಯಲ್ಲ. ಈ ಸಲ ತೀರ್ಪುಗಾರನಾಗಿ ಬರೋನು ಯಾರು ಗೊತ್ತಾ? ಅದೇ ಆಸಾಮಿ! ಸಾಕ್ಷಾತ್ ಮೊಣಕೈಯೇ ಬಂದು ಮುಂದಿನ ಸಾಲಲ್ಲಿ ಕೂತಿರುತ್ತೆ! ಅದಕ್ಕೇ ಮೇಷ್ಟ್ರಿಗೆ ನಾನೇ ಕಾಲು ಹಿಡಿದೆ, ಮುಚ್ಚಿಬಿಡಪ್ಪಾ, ಯಾರಿಗೂ ಹೇಳ್ಬೇಡ ಅಂತ. ಬೇಡ ಬೇಡ ಅಂತಾನೇ ಮಾತು ಕೊಟ್ಟ, ಪಾಪ."

"ಅಪ್ಪಾ...! ನಾನು ಅವರಿಗೆ ಏನೆಲ್ಲ ಅಂದೆ! ಆಗ ನೀನು ಅಲ್ಲೇ ಇದ್ಯಲ್ಲ!"

"ಇದ್ದೆ. ಸ್ಪಾರ್ಕ್ ಪ್ಲಗ್ ನೋಡ್ತಿದ್ದೆ," ಎಂದರು ಅಪ್ಪ, ಸೀಟಿನಲ್ಲಿ ಇನ್ನೂ ಕುಳ್ಳಾಗುತ್ತ.

ಬೈಯಲು ಬಾಯಿ ತೆರೆದವಳಿಗೆ ಅಳು ನಗು ಎರಡೂ ಒಟ್ಟಿಗೆ ಬಂದವು. ಗುರುತು ಹೋದದ್ದಕ್ಕೆ ಬಂದ ಅಳುವಲ್ಲ ಅದು. 'ಅವನು ಇನ್ನು ನನ್ನ ಮುಖ ನೋಡದಿದ್ದರೆ...?'

ಅಪ್ಪನನ್ನು ಪಕ್ಕದ ಸೀಟಿಗೆ ತಳ್ಳಿ ಕಾರು ಹೊರಡಿಸಿದಳು.

ಮೇಷ್ಟ್ರ ಶೆಡ್ಡಿನಲ್ಲಿ ಕಂಡದ್ದು ಕಾರಿನಡಿಯಿಂದ ಚಾಚಿದ ಎರಡು ಕಾಲು ಮಾತ್ರ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಅವಳಿಗೆ ಮರೆತುಹೋಯಿತು.

"ಮೇಷ್ಟ್ರೇ... ನಂದು ತಪ್ಪಾಯ್ತು. ನಾನು..."

"ಆಮೇಲೆ!" ಎಂದಿತು ಕಾರಿನಡಿಯ ದನಿ, ಉಸಿರು ಕಟ್ಟಿಕೊಂಡು. "ಗೇರ್‌ಬಾಕ್ಸ್ ಎತ್ತಿ ಹಿಡ್ಕೊಂಡಿದ್ದೀನಿ. ಬೋಲ್ಟ್ ಹಾಕೋಕೆ ನನಗೆ ಮೂರನೇ ಕೈ ಇಲ್ಲ!"

ಅವಳು ಹಿಂದೆ ಮುಂದೆ ನೋಡದೆ ದವಾಖಾನೆಯ ಬಿಳಿ ಕೋಟಿನಲ್ಲೇ ಒಳಗೆ ತೂರಿದಳು. ಹಣೆಯ ಮೇಲೆ ತೊಟ್ಟು ಎಣ್ಣೆ ಬಿತ್ತು. ಅವನ ಎರಡು ಕೈಯೂ ಗೇರ್‌ಬಾಕ್ಸಿನ ಅಡಿಯಲ್ಲಿದ್ದವು. ಅವಳು ಬೋಲ್ಟ್ ಎತ್ತಿ ತಿರುಗಿಸತೊಡಗಿದಳು.

"ಅಪ್ಪ ಎಲ್ಲಾ ಹೇಳಿದ್ರು. ನೀವ್ಯಾಕೆ ಹೇಳ್ಲಿಲ್ಲ?"

"ಮಾತು ಕೊಟ್ಟಿದ್ದೆ."

"ನಾನು ಅಷ್ಟು ಬೈದ್ರೂ?"

ಅವನು ಗೇರ್‌ಬಾಕ್ಸನ್ನು ಇನ್ನಷ್ಟು ಎತ್ತಿ ಹಿಡಿದ. "ನಿಮಗೆ ಕೋಪ ಬಂದ್ರೆ ನನ್ನ ಮೇಲೆ ಬರಲಿ ಅನ್ಕೊಂಡೆ. ಅಪ್ಪನ ಮೇಲೆ ಬರಬಾರದು."

ಅವಳ ಕೈ ನಿಂತಿತು.

"ಬೋಲ್ಟು..." ಎಂದ ಅವನು ನರಳುತ್ತ.

"ಅಯ್ಯೋ!" ಅವಳು ಗಡಿಬಿಡಿಯಲ್ಲಿ ತಿರುಗಿಸಿದಳು. ಅದು ಕೂತಿತು, ಎರಡನೆಯದೂ ಕೂತಿತು. ಅವನು ಕೈ ಇಳಿಸಿ ಉಸಿರುಬಿಟ್ಟ.

"ಇನ್ನು ಮೇಲೆ ಅಪ್ಪ ಗುಟ್ಟು ಹೇಳಿದ್ರೆ ನನಗೆ ಹೇಳ್ತೀರಿ ತಾನೇ?"

"ಇಲ್ಲ."

"ಇಲ್ವಾ?!"

"ಅವರ ಗುಟ್ಟು ಅವರದು."

ಆ 'ಇಲ್ಲ' ಅವಳೊಳಗೆ ಎಲ್ಲೋ ಗಟ್ಟಿಯಾಗಿ, ಭದ್ರವಾಗಿ ಕೂತಿತು. ಇಂಥವನ ಕೈಗೆ ಏನನ್ನಾದರೂ ಕೊಡಬಹುದು.

"ಹಾಗಾದ್ರೆ ನಂದೂ ಒಂದು ಇಟ್ಕೊಳ್ತೀರಾ?"

"ಹೇಳಿ."

"ನೀವಂದ್ರೆ ನನಗಿಷ್ಟ. ತುಂಬಾ... ಯಾರಿಗೂ ಹೇಳ್ಬೇಡಿ."

ಅವನು ಗೇರ್‌ಬಾಕ್ಸನ್ನೇ ನೋಡುತ್ತಿದ್ದ. ಕಿವಿ ಮಾತ್ರ ಕೆಂಪಾಗಿತ್ತು. "ನನ್ನ ಹತ್ರಾನೂ ಅಂಥದ್ದೇ ಒಂದಿದೆ. ಮೊದಲಿಂದ್ಲೂ."

"ಹೇಳಿ ಮತ್ತೆ!"

"ಅದನ್ನ... ನಿಮ್ಮಪ್ಪಂಗೆ ಆಗ್ಲೇ ಹೇಳ್ಬಿಟ್ಟಿದ್ದೀನಿ."

"ಏನು?! ಅಪ್ಪಂಗೆ?!"

"ನಾನು ಯಾರಿಗೂ ಬಾಯಿ ಬಿಟ್ಟಿಲ್ಲಪ್ಪಾ!" ಎಂದಿತು ಶೆಡ್ಡಿನ ಬಾಗಿಲಾಚೆಯಿಂದ ಒಂದು ದನಿ.

ಅವಳು ನಗುತ್ತ ತಲೆ ಎತ್ತಲು ಹೋದಳು. ಅವನು ಚಟ್ಟನೆ ಅವಳ ಹಣೆಗೆ ಅಂಗೈ ಅಡ್ಡ ಹಿಡಿದ, ಮೇಲೆ ಕಬ್ಬಿಣವಿತ್ತು. ಅಂಗೈಯನ್ನು ಮಾತ್ರ ಅವನು ಹಿಂದಕ್ಕೆ ತೆಗೆಯಲಿಲ್ಲ.

"ಎಣ್ಣೆ ಆಗಿದೆ," ಎಂದ ಮೆಲ್ಲಗೆ.

"ಆಗ್ಲಿ ಬಿಡಿ," ಎಂದಳು ಅವಳು.